ಎಲ್ಲ ಆಡಿಯೋ ಫೈಲ್‌ಗಳನ್ನೂ ಎಂಪಿ3 ಮಾಡಬೇಕು, ಯಾವ ಉಚಿತ ಸಾಫ್ಟ್‌ವೇರ್ ಬಳಸಲಿ?

ಹಾಡುಪೆಟ್ಟಿಗೆ

ನಮಸ್ಕಾರ. ವರ್ಷಗಳಿಂದ ಸೇರಿಕೊಂಡ ಆಡಿಯೋ ಫೈಲ್‌ಗಳು ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಗುಡ್ಡೆ ಬಿದ್ದಿವೆ. ಸಿಡಿಯಿಂದ ತೆಗೆದ ಫ್ಲ್ಯಾಕ್ ಇವೆ. ಹಳೇ ಕಂಪ್ಯೂಟರ್ ಕಾಲದ ಡಬ್ಲ್ಯೂಎಂಎ ಇವೆ. ಫೋನಿನಿಂದ ಬಂದ ಎಂ4ಎ ಇವೆ. ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿದ ಮನೆಯವರ ಮಾತು ಎಎಂಆರ್‌ನಲ್ಲಿದೆ. ಮೆಸೇಜಿಂಗ್ ಆ್ಯಪ್‌ನಿಂದ ಉಳಿಸಿಕೊಂಡ ವಾಯ್ಸ್ ಮೆಸೇಜ್‌ಗಳ ಹೆಸರು ಡಾಟ್ ಓಪಸ್ ಎಂದು ಕೊನೆಯಾಗುತ್ತದೆ. ಕಾರಿನ ಸ್ಟೀರಿಯೋ ಎಂಪಿ3 ಬಿಟ್ಟರೆ ಬೇರೇನನ್ನೂ ಹಾಡುವ ಹಾಗೆ ಕಾಣುತ್ತಿಲ್ಲ.

ಹಾಗಾಗಿ ಎಲ್ಲವನ್ನೂ ಒಂದೇ ಸಲಕ್ಕೆ 320 ಕೆಬಿಪಿಎಸ್ (ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿ3 ಮಾಡಿ, ಮೂಲ ಫೈಲ್‌ಗಳನ್ನು ಅಳಿಸಿ ನೆಮ್ಮದಿಯಾಗಿರೋಣ ಅಂದುಕೊಂಡಿದ್ದೇನೆ. 320 ಯಾಕೆಂದರೆ ಗುಣಮಟ್ಟ ಕಡಿಮೆಯಾಗಬಾರದು. ವಿಂಡೋಸ್ ಲ್ಯಾಪ್‌ಟಾಪ್ ಇದೆ. ದುಡ್ಡು ಕೊಡುವ ಸಾಫ್ಟ್‌ವೇರ್ ಬೇಡ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುವುದು ಅಂದರೆ ಸ್ವಲ್ಪ ಹಿಂಜರಿಕೆ, ಬೇಕೇಬೇಕು ಅಂದರೆ ಕಲಿಯುತ್ತೇನೆ.

ಸುಮ್ನೆಕೇಳುಗ

ವಿಎಲ್‌ಸಿ ಪ್ಲೇಯರ್ ಇದೆಯಲ್ಲಾ? ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಿ, ಫೈಲ್ ಸೇರಿಸಿ, ಎಂಪಿ3 ಆರಿಸಿ. ಮುಗೀತು.

ಬೈಟುಗಾರ

ಒಂದೆರಡು ಫೈಲ್‌ಗೆ ವಿಎಲ್‌ಸಿ ಪರವಾಗಿಲ್ಲ. ಆದರೆ ಅದರ ಎಂಪಿ3 ಪ್ರೊಫೈಲ್ ಸಿದ್ಧವಾಗಿ ಬರುವುದು 128 ಕೆಬಿಪಿಎಸ್‌ಗೆ. ಬದಲಿಸಬೇಕು ಎಂದರೆ ಪಕ್ಕದ ಸ್ಪ್ಯಾನರ್ ಚಿತ್ರವನ್ನು ಒತ್ತಿ ಒಳಗೆ ಹೋಗಬೇಕು. ಕೆಲಸ ನಡೆಯುವಾಗ ಹಾಡು ಕೇಳುವ ಪಟ್ಟಿಯೇ ಓಡುತ್ತದೆ, ಮುಗಿಯಿತು ಎಂಬ ಸಂದೇಶವೂ ಸರಿಯಾಗಿ ಬರುವುದಿಲ್ಲ. ನೂರಾರು ಫೈಲ್‌ಗೆ ಅದು ಶಿಕ್ಷೆ.

ಕರಿಪರದೆ

ಸಾಫ್ಟ್‌ವೇರ್ ಯಾವುದು ಅನ್ನುವುದಕ್ಕಿಂತ ಮೊದಲು ಬೇರೆ ಮಾತು. ನಿಮ್ಮ ಪ್ರಶ್ನೆಯಲ್ಲಿ ಮೂರು ಶಬ್ದ ನನಗೆ ಹೆದರಿಕೆ ಹುಟ್ಟಿಸಿದವು: "ಎಲ್ಲ", "320", "ಅಳಿಸಿ".

ಫೈಲ್‌ಗಳನ್ನು ಎರಡು ಗುಂಪು ಮಾಡಿ. ಫ್ಲ್ಯಾಕ್, ವೇವ್, ಆ್ಯಪಲ್‌ನ ಎಎಲ್ಎಸಿ ಇವುಗಳಲ್ಲಿ ಮೂಲ ದನಿಯ ಒಂದು ಬಿಟ್ಟೂ ಕಳೆದಿರುವುದಿಲ್ಲ. ಎಂಪಿ3, ಎಎಸಿ, ವೋರ್ಬಿಸ್, ಓಪಸ್, ಎಎಂಆರ್, ಸಾಮಾನ್ಯವಾಗಿ ಸಿಗುವ ಡಬ್ಲ್ಯೂಎಂಎ ಇವೆಲ್ಲ ಕಿವಿಗೆ ಗೊತ್ತಾಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿ ದನಿಯ ಒಂದಿಷ್ಟು ಭಾಗವನ್ನು ಎಸೆದುಬಿಟ್ಟಿರುತ್ತವೆ. ಎಸೆದದ್ದು ಎಸೆದ ಹಾಗೆಯೇ. ಮೊದಲ ಗುಂಪಿನಿಂದ ಎಂಪಿ3 ಮಾಡಿದರೆ ಒಂದು ಸಲ ಮಾತ್ರ ನಷ್ಟ. ಎರಡನೇ ಗುಂಪಿನಿಂದ ಮಾಡಿದರೆ ನಷ್ಟದ ಮೇಲೆ ನಷ್ಟ. ಯಾಕೆಂದರೆ ಹೊಸ ಎನ್ಕೋಡರ್ (ದನಿಯನ್ನು ಹಿಂಡಿ ಫೈಲ್ ಮಾಡುವ ಸಾಧನ) ಹಳೆಯದರ ತಪ್ಪುಗಳನ್ನೂ ಸಂಗೀತ ಎಂದೇ ನಂಬಿ, ಅವುಗಳಿಗೂ ಬಿಟ್ ಖರ್ಚು ಮಾಡಿ, ತನ್ನ ಪಾಲಿನದನ್ನು ಮತ್ತೆ ಕತ್ತರಿಸುತ್ತದೆ.

ಇನ್ನು ಎಂ4ಎ ಅನ್ನುವುದು ಡಬ್ಬಿಯ ಹೆಸರು. ಒಳಗೆ ಎಎಸಿ ಇರಬಹುದು, ಎಎಲ್ಎಸಿ ಇರಬಹುದು. ಆಗ್ (ಓ, ಜಿ, ಜಿ) ಕೂಡ ಡಬ್ಬಿಯೇ, ಒಳಗೆ ವೋರ್ಬಿಸ್, ಓಪಸ್, ಫ್ಲ್ಯಾಕ್ ಯಾವುದೂ ಇರಬಹುದು. ಹೆಸರಿನ ಬಾಲ ನೋಡಿ ತೀರ್ಮಾನ ಮಾಡಬೇಡಿ. ವಿಎಲ್‌ಸಿಯಲ್ಲಿ ಫೈಲ್ ಹಾಡಿಸುತ್ತಾ ಕಂಟ್ರೋಲ್ ಮತ್ತು ಜೆ ಒತ್ತಿದರೆ ಒಳಗಿನ ಕೊಡೆಕ್ (ದನಿಯನ್ನು ಹಿಂಡಿದ ಪದ್ಧತಿ) ಯಾವುದು ಅಂತ ತೋರಿಸುತ್ತದೆ. ಮೀಡಿಯಾಇನ್ಫೋ ಅನ್ನುವ ಪುಟ್ಟ ಸಾಫ್ಟ್‌ವೇರ್ ಇನ್ನೂ ವಿವರವಾಗಿ ಹೇಳುತ್ತದೆ.

ಹಾಡುಪೆಟ್ಟಿಗೆ

> ಎಸೆದದ್ದು ಎಸೆದ ಹಾಗೆಯೇ

ಹಾಗಿದ್ದರೆ ಡಬ್ಲ್ಯೂಎಂಎ 128ರಲ್ಲಿದೆ ಎಂದುಕೊಳ್ಳಿ. ಅದನ್ನು 320 ಎಂಪಿ3 ಮಾಡಿದರೆ ಸ್ವಲ್ಪವಾದರೂ ಸುಧಾರಿಸುವುದಿಲ್ಲವಾ? ಕಡೇಪಕ್ಷ ಇದ್ದ ಹಾಗೆ ಉಳಿಯಬೇಕಲ್ಲಾ?

ಕಿವಿಗೊಡು

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ 320 ಅನ್ನುವುದೇ ಆ ಆನೆ.

ಲೆಕ್ಕ ನೋಡಿ. ನಾಲ್ಕು ನಿಮಿಷದ ಹಾಡು 128ರಲ್ಲಿ ಸುಮಾರು 4 ಎಂಬಿ. 320ರಲ್ಲಿ ಸುಮಾರು 10 ಎಂಬಿ. ಎರಡೂವರೆ ಪಟ್ಟು ಜಾಗ ಕೊಟ್ಟು ನೀವು ಪಡೆಯುವುದು ಮೊದಲಿಗಿಂತ ಒಂದು ಕೂದಲೆಳೆ ಕಡಿಮೆ ಗುಣಮಟ್ಟ. 320 ಕೊಟ್ಟರೆ ಎರಡನೇ ನಷ್ಟ ತೀರಾ ಸಣ್ಣದಾಗುತ್ತದೆ, ಅದು ನಿಜ. ಆದರೆ ಮೊದಲನೆಯದು ಅಲ್ಲೇ ಕೂತಿರುತ್ತದೆ.

ಕಣ್ಣಾರೆ ನೋಡಬೇಕಾ? ಸ್ಪೆಕ್ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಫೈಲನ್ನು ಅದರ ಕಿಟಕಿಗೆ ಎಳೆದು ಬಿಟ್ಟರೆ ದನಿಯ ವರ್ಣಪಟ (ಯಾವ ಎತ್ತರದ ಸದ್ದು ಎಷ್ಟಿದೆ ಎಂದು ತೋರಿಸುವ ಬಣ್ಣದ ಚಿತ್ರ) ಬರುತ್ತದೆ. ಸಿಡಿಯಿಂದ ತೆಗೆದ ಫ್ಲ್ಯಾಕ್ ಆದರೆ ಬಣ್ಣ ಸಾಮಾನ್ಯವಾಗಿ 22 ಕಿಲೋಹರ್ಟ್ಸ್ ಹತ್ತಿರದ ತನಕ ಹರಡಿರುತ್ತದೆ. 128ರ ಎಂಪಿ3 ಆದರೆ ಹದಿನಾರು ಹದಿನೇಳು ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿ ಹಾಕಿದ ಹಾಗೆ ನೇರ ಗೆರೆ. ಆ 128ನ್ನು 320 ಮಾಡಿ ಮತ್ತೆ ನೋಡಿ, ಗೆರೆ ಅಲ್ಲೇ ಇರುತ್ತದೆ. ಅದನ್ನೇ ಫ್ಲ್ಯಾಕ್ ಮಾಡಿದರೂ ಅಲ್ಲೇ. ಇಂಟರ್ನೆಟ್‌ನಲ್ಲಿ ಫ್ಲ್ಯಾಕ್ ಎಂದು ಓಡಾಡುವ ಎಷ್ಟೋ ಫೈಲ್‌ಗಳ ಗುಟ್ಟು ಹೀಗೆಯೇ ಬಯಲಾಗುತ್ತದೆ. (ಹಳೆಯ ಧ್ವನಿಮುದ್ರಣಗಳಲ್ಲಿ ಮೂಲದಲ್ಲೇ ಮೇಲಿನ ಭಾಗ ಖಾಲಿ ಇರಬಹುದು. ಗೆರೆ ಕಂಡ ಕೂಡಲೇ ಕಳ್ಳಮಾಲು ಅನ್ನಬೇಡಿ.)

ರೀಲುಸುತ್ತ

ನೀವೆಲ್ಲ 320ರ ಮೇಲೆ ಯಾಕೆ ಹೀಗೆ ಮುಗಿಬಿದ್ದಿದ್ದೀರಿ? ಡಿಸ್ಕ್‌ನಲ್ಲಿ ಜಾಗಕ್ಕೆ ಬರವಿಲ್ಲ. ಫ್ಲ್ಯಾಕ್‌ನಿಂದ ಮಾಡುವಾಗ ಎಂಪಿ3ಯಲ್ಲಿ ಸಿಗುವ ಗರಿಷ್ಠವನ್ನೇ ಇಟ್ಟುಕೊಂಡರೆ ತಪ್ಪೇನು? ನನ್ನ ಹೆಡ್‌ಫೋನಿನಲ್ಲಿ 192ಕ್ಕೂ 320ಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕಿವಿಗೊಡು

ತಪ್ಪಿಲ್ಲ, ಸುಮ್ನೆ ಜಾಗ ದಂಡ ಅಷ್ಟೆ. ಎಂಪಿ3 ಮಾಡುವ ಲೇಮ್ ಎನ್ಕೋಡರ್‌ನಲ್ಲಿ ಬಿಟ್‌ರೇಟ್ ಹೇಳುವ ಬದಲು ಗುಣಮಟ್ಟ ಹೇಳುವ ದಾರಿ ಇದೆ. ವಿ0 ಅಂದರೆ ಸರಾಸರಿ 245ರ ಸುತ್ತ, ವಿ2 ಅಂದರೆ 190ರ ಸುತ್ತ. ಹಾಡಿನ ನಿಶ್ಶಬ್ದ ಜಾಗಕ್ಕೆ ಕಡಿಮೆ ಬಿಟ್, ಗದ್ದಲದ ಜಾಗಕ್ಕೆ ಜಾಸ್ತಿ ಬಿಟ್. 320ರಲ್ಲಿ ಎರಡಕ್ಕೂ ಒಂದೇ ಅಳತೆ.

ವ್ಯತ್ಯಾಸ ಗೊತ್ತಾಗುತ್ತದೆಯೋ ಇಲ್ಲವೋ ಅನ್ನುವುದಕ್ಕೆ ಪರೀಕ್ಷೆ ಇದೆ. ಎಬಿಎಕ್ಸ್ ಎನ್ನುತ್ತಾರೆ. ಎ ಕೇಳುತ್ತೀರಿ, ಬಿ ಕೇಳುತ್ತೀರಿ, ಆಮೇಲೆ ಎಕ್ಸ್ ಬರುತ್ತದೆ. ಅದು ಎ ಆಗಿರಬೇಕು ಇಲ್ಲವೇ ಬಿ. ಯಾವುದೆಂದು ಹೇಳಬೇಕು. ಹದಿನಾರು ಸುತ್ತು ಆಡಿ. ಹನ್ನೆರಡಕ್ಕಿಂತ ಹೆಚ್ಚು ಸರಿ ಬಂದರೆ ನಿಮ್ಮ ಕಿವಿಗೆ ನನ್ನ ನಮಸ್ಕಾರ. ಎಂಟರ ಆಸುಪಾಸು ಬಂದರೆ ಅದು ನಾಣ್ಯ ಚಿಮ್ಮಿ ಹೇಳಿದ್ದಕ್ಕೆ ಸಮ. ಎರಡೂ ಫೈಲ್‌ಗಳ ದನಿಯ ಮಟ್ಟ ಮೊದಲು ಸರಿಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಅರ್ಧ ಜಗಳಗಳ ಮೂಲ ಅದೇ.

ರೀಲುಸುತ್ತ

ಆಡುತ್ತೇನೆ, ಬಂದು ಹೇಳುತ್ತೇನೆ. ಬ್ಲೂಟೂತ್‌ನಲ್ಲಿ ಆಡಿದರೆ ಲೆಕ್ಕಕ್ಕೆ ಬರುತ್ತದಾ?

ಕಿವಿಗೊಡು

ಬರುವುದಿಲ್ಲ. ಬ್ಲೂಟೂತ್ ತಾನೇ ದನಿಯನ್ನು ಇನ್ನೊಮ್ಮೆ ಎಸ್‌ಬಿಸಿ ಅಥವಾ ಎಎಸಿಗೆ ಹಿಂಡಿ ಕಳಿಸುತ್ತದೆ. ತಂತಿಯ ಹೆಡ್‌ಫೋನ್ ಹಾಕಿಕೊಳ್ಳಿ.

ಬೈಟುಗಾರ

ಕೇಳಿದವರಿಗೆ ಉತ್ತರ ಸಿಗಲಿ ಮೊದಲು. ನಿಮ್ಮ ಕೆಲಸಕ್ಕೆ ನನ್ನ ಆಯ್ಕೆ ಫ್ರೀಯಾಕ್ (ಹೆಸರಿನ ನಡುವೆ ಕೋಲನ್ ಇರುತ್ತದೆ: ಎಫ್, ಆರ್, ಇ, ಕೋಲನ್, ಎ, ಸಿ). ಮೂಲ ಕೋಡ್ ಬಹಿರಂಗವಾಗಿದೆ, ಜಿಪಿಎಲ್ ಲೈಸೆನ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಲೇಮ್ ಅದರೊಳಗೇ ಬರುತ್ತದೆ. ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಬಳಸಿಕೊಂಡು ಹಲವು ಫೈಲ್‌ಗಳನ್ನು ಒಟ್ಟಿಗೆ ಮಾಡುವುದರಿಂದ ದೊಡ್ಡ ಫೋಲ್ಡರ್ ಕೂಡ ಬೇಗ ಮುಗಿಯುತ್ತದೆ.

ಫ್ಲ್ಯಾಕ್ ಇರುವ ಫೋಲ್ಡರನ್ನು ಅದರ ಕಿಟಕಿಗೆ ಎಳೆದು ಬಿಡಿ. ಸೆಟ್ಟಿಂಗ್ಸ್‌ನಲ್ಲಿ ಎನ್ಕೋಡರ್ ಜಾಗದಲ್ಲಿ ಲೇಮ್ ಆರಿಸಿ, ವಿಬಿಆರ್ (ಬದಲಾಗುತ್ತಾ ಹೋಗುವ ಬಿಟ್‌ರೇಟ್) ಗುಣಮಟ್ಟ 2 ಇಡಿ, ಅದೇ ವಿ2. ಕಾರಿನ ಸ್ಟೀರಿಯೋ ತುಂಬ ಹಳೆಯದಾದರೆ ವಿಬಿಆರ್ ಫೈಲ್‌ಗಳ ಅವಧಿಯನ್ನು ತಪ್ಪು ತಪ್ಪಾಗಿ ತೋರಿಸಬಹುದು. ಹಾಗಾದರೆ ಸ್ಥಿರ 192 ಇಟ್ಟುಕೊಳ್ಳಿ. ಔಟ್‌ಪುಟ್ ಫೋಲ್ಡರ್ ಬೇರೆಯೇ ಇರಲಿ. ಮೂಲದ ಜಾಗಕ್ಕೇ ಬರೆಸಬೇಡಿ. ಫೈಲ್ ಹೆಸರಿನ ಮಾದರಿ ಸಿದ್ಧವಾಗಿ ಬರುವುದು ಕಲಾವಿದರ ಹೆಸರು ಮತ್ತು ಹಾಡಿನ ಹೆಸರು ಸೇರಿಸಿ. ಟ್ಯಾಗ್ (ಫೈಲಿನೊಳಗೇ ಬರೆದಿರುವ ಹಾಡಿನ ವಿವರ) ಇಲ್ಲದ ಫೈಲ್‌ಗಳಿದ್ದರೆ ಮೂಲ ಹೆಸರನ್ನೇ ಉಳಿಸಿಕೊಳ್ಳುವ ಮಾದರಿಗೆ ಬದಲಿಸಿ.

ಮೊದಲು ಒಂದೇ ಆಲ್ಬಮ್ ಮಾಡಿ, ಕಾರಿನಲ್ಲಿ ಹಾಕಿ ಕೇಳಿ. ಆಮೇಲೆ ಉಳಿದದ್ದು.

ಮತ್ತೆ, ಕಾರಿನ ಸ್ಟೀರಿಯೋ ಕೈಪಿಡಿ ಒಮ್ಮೆ ತೆಗೆದು ನೋಡಿ. ಎಷ್ಟೋ ಸ್ಟೀರಿಯೋಗಳು ಡಬ್ಲ್ಯೂಎಂಎ ಹಾಡುತ್ತವೆ, ಕೆಲವು ಎಎಸಿ ಕೂಡ. ಹಾಡುವುದಾದರೆ ಆ ಗುಂಪನ್ನು ಮುಟ್ಟುವುದೇ ಬೇಡ.

ಪುಟ್ಟಪರದೆ

ಮಧ್ಯೆ ಬಾಯಿ ಹಾಕುತ್ತೇನೆ. ಸಾಫ್ಟ್‌ವೇರ್ ಹಾಕಿಕೊಳ್ಳುವ ರಗಳೆ ಯಾಕೆ, ಆನ್‌ಲೈನ್ ಪರಿವರ್ತಕಗಳು ಇವೆಯಲ್ಲಾ? ಫೈಲ್ ಅಪ್‌ಲೋಡ್ ಮಾಡಿ, ಎಂಪಿ3 ಇಳಿಸಿಕೊಂಡರೆ ಆಯಿತು. ಡಾಟ್ ಓಪಸ್ ಅನ್ನು ಡಾಟ್ ಎಂಪಿ3 ಅಂತ ಹೆಸರು ಬದಲಿಸಿದರೂ ನನ್ನ ಫೋನಿನಲ್ಲಿ ಹಾಡುತ್ತದೆ.

ಕರಿಪರದೆ

ಹೆಸರು ಬದಲಿಸಿದರೆ ಫೈಲ್ ಬದಲಾಗುವುದಿಲ್ಲ. ನಿಮ್ಮ ಫೋನಿನ ಪ್ಲೇಯರ್ ಜಾಣ. ಅದು ಬಾಲ ನೋಡದೆ ಫೈಲಿನ ಮೊದಲ ಕೆಲವು ಬೈಟ್ ಓದಿ, ಇದು ಆಗ್ ಡಬ್ಬಿ, ಒಳಗೆ ಓಪಸ್ ಇದೆ ಎಂದು ತಿಳಿದುಕೊಂಡಿದೆ. ಕಾರಿನ ಸ್ಟೀರಿಯೋಗೆ ಅಷ್ಟು ಬುದ್ಧಿ ಇರುವುದಿಲ್ಲ.

ಆನ್‌ಲೈನ್ ತಾಣಗಳ ವಿಷಯ: ಹಾಡಾದರೆ ನಿಮ್ಮ ಇಷ್ಟ. ಮನೆಯವರ ಮಾತು, ಸಂದರ್ಶನ, ಕಚೇರಿಯ ಸಭೆ ಇಂಥವನ್ನು ಯಾರದ್ದೋ ಸರ್ವರ್‌ಗೆ ಯಾಕೆ ಕಳಿಸಬೇಕು? ಅಲ್ಲಿಂದ ಅದು ಅಳಿಯಿತೋ ಇಲ್ಲವೋ ನೋಡುವ ದಾರಿ ನಮಗಿಲ್ಲ. ಎಷ್ಟೋ ತಾಣಗಳು ಬಿಟ್‌ರೇಟ್ ಎಷ್ಟು ಇಟ್ಟವು ಅಂತಲೂ ಹೇಳುವುದಿಲ್ಲ.

ಹಾಗೆಯೇ "ಉಚಿತ ಪರಿವರ್ತಕ" ಎಂದು ಹುಡುಕಿದಾಗ ಮೊದಲು ಬರುವ ಜಾಹೀರಾತುಗಳನ್ನು ಒತ್ತಬೇಡಿ. ಫೈಲಿನ ಮೂರನೇ ಒಂದು ಭಾಗ ಮಾತ್ರ ಮಾಡಿಕೊಟ್ಟು ಉಳಿದದ್ದಕ್ಕೆ ದುಡ್ಡು ಕೇಳುವಂಥವು, ಬ್ರೌಸರ್‌ಗೆ ಬೇಡದ ಪಟ್ಟಿ ಅಂಟಿಸುವಂಥವು ಅಲ್ಲಿ ಬೇಕಾದಷ್ಟಿವೆ. ತಮಾಷೆ ಏನೆಂದರೆ ಇಂಥ ಎಷ್ಟೋ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್. ಫ್ಯಾಬ್ರಿಸ್ ಬೆಲಾರ್ಡ್ 2000ರಲ್ಲಿ ಶುರುಮಾಡಿದ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಸಾಫ್ಟ್‌ವೇರ್ ಅದು.

ಹಾಡುಪೆಟ್ಟಿಗೆ

ಕೈಪಿಡಿ ನೋಡಿದೆ. ಡಬ್ಲ್ಯೂಎಂಎ ಹಾಡುತ್ತದಂತೆ! ಹಾಕಿದರೆ ಹಾಡಿತು ಕೂಡ. ಒಂದು ದೊಡ್ಡ ಗುಂಪು ಕಳೆಯಿತು. ಎಂ4ಎ ಮಾತ್ರ ಇಲ್ಲ.

ಫ್ರೀಯಾಕ್ ಹಾಕಿಕೊಂಡು ಫ್ಲ್ಯಾಕ್‌ಗಳನ್ನು ವಿ2 ಮಾಡುತ್ತಿದ್ದೇನೆ, ಸಲೀಸಾಗಿ ಹೋಗುತ್ತಿದೆ. ಎಎಂಆರ್ ಮತ್ತು ಓಪಸ್‌ಗೆ ಏನು ಮಾಡಲಿ? ಎಎಂಆರ್‌ನಲ್ಲಿ ಮಾತು ತೀರಾ ಮಂಕಾಗಿದೆ. ಸ್ಪಷ್ಟ ಮಾಡಲಿಕ್ಕೆ ಆಗುತ್ತದಾ?

ಕರಿಪರದೆ

ಎರಡಕ್ಕೂ ಎಫ್‌ಎಫ್‌ಎಂಪೆಗ್. ಹೆದರಬೇಡಿ, ಒಂದೇ ಸಾಲು. ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಮೊದಲು ಪ್ರೋಗ್ರಾಮಿನ ಹೆಸರು. ಜಾಗ ಬಿಟ್ಟು ಡ್ಯಾಶ್ ಐ, ಮತ್ತೆ ಜಾಗ ಬಿಟ್ಟು ಮೂಲ ಫೈಲಿನ ಹೆಸರು. ಡ್ಯಾಶ್ ಐ ಅಂದರೆ "ಮುಂದಿರುವುದು ಒಳಗೆ ಬರುವ ಫೈಲ್" ಎಂದರ್ಥ. ಅದಾದ ಮೇಲೆ ಡ್ಯಾಶ್ ಕ್ಯೂ ಕೋಲನ್ ಎ, ಜಾಗ ಬಿಟ್ಟು 2. ಇದು ಲೇಮ್‌ನ ವಿ2. ಕೊನೆಗೆ ಹೊಸ ಫೈಲಿನ ಹೆಸರು, ಬಾಲ ಡಾಟ್ ಎಂಪಿ3 ಇರಬೇಕು. ಬಾಲ ನೋಡಿ ಯಾವ ಎನ್ಕೋಡರ್ ಅಂತ ಅದೇ ಆರಿಸಿಕೊಳ್ಳುತ್ತದೆ. ಗುಣಮಟ್ಟ ಏನೂ ಹೇಳದಿದ್ದರೆ 128 ಇಟ್ಟುಬಿಡುತ್ತದೆ, ಹಾಗಾಗಿ ಹೇಳಲೇಬೇಕು. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಎರಡೂ ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಿ.

ಇಡೀ ಫೋಲ್ಡರ್‌ಗೆ ವಿಂಡೋಸ್‌ನ ಫಾರ್ ಲೂಪ್ (ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮಾಡಿಸುವ ಕಮಾಂಡ್) ಬಳಸಿ. ಪರ್ಸೆಂಟ್ ಎಫ್ ಅನ್ನುವುದು ಪ್ರತಿ ಫೈಲಿನ ಹೆಸರು. ಪರ್ಸೆಂಟ್, ಟಿಲ್ಡೆ, ಎನ್, ಎಫ್ ಒಟ್ಟಿಗೆ ಬರೆದರೆ ಬಾಲ ಕತ್ತರಿಸಿದ ಹೆಸರು. ಅದರ ಮುಂದೆ ಡಾಟ್ ಎಂಪಿ3 ಸೇರಿಸಿದರೆ ಹೊಸ ಹೆಸರು ಸಿದ್ಧ. ಇದನ್ನೇ ಬ್ಯಾಚ್ ಫೈಲ್‌ನಲ್ಲಿ ಬರೆದಿಡುವುದಾದರೆ ಪರ್ಸೆಂಟ್ ಚಿಹ್ನೆ ಎರಡೆರಡು ಹಾಕಬೇಕು. ಸಾಲಿನ ಆರಂಭದಲ್ಲಿ ಡ್ಯಾಶ್ ಎನ್ ಹಾಕಿದರೆ ಅದೇ ಹೆಸರಿನ ಫೈಲ್ ಮೊದಲೇ ಇದ್ದಾಗ ಮುಟ್ಟುವುದಿಲ್ಲ. ಡ್ಯಾಶ್ ವೈ ಹಾಕಿದರೆ ಕೇಳದೆ ಅದರ ಮೇಲೆಯೇ ಬರೆದುಬಿಡುತ್ತದೆ. ಇಂಟರ್ನೆಟ್‌ನಿಂದ ಎತ್ತಿ ಅಂಟಿಸುವ ಕಮಾಂಡ್‌ಗಳಲ್ಲಿ ಡ್ಯಾಶ್ ವೈ ಇದೆಯಾ ಅಂತ ನೋಡಿಕೊಂಡೇ ಎಂಟರ್ ಒತ್ತಿ.

ನಿಶ್ಶಬ್ದ

ಎಎಂಆರ್ ಬಗ್ಗೆ ನಾನು ಹೇಳುತ್ತೇನೆ, ಧ್ವನಿ ಸಂಕಲನ ನನ್ನ ಕೆಲಸ.

ಅದು ಫೋನ್ ಕರೆಗೆಂದೇ ಮಾಡಿದ ಕೊಡೆಕ್. ಸೆಕೆಂಡಿಗೆ 8,000 ಮಾದರಿ ಮಾತ್ರ. ಹಿಡಿಯುವುದು ಸುಮಾರು 200ರಿಂದ 3,400 ಹರ್ಟ್ಸ್. ಬಿಟ್‌ರೇಟ್ ಅತಿ ಹೆಚ್ಚು ಅಂದರೆ 12.2 ಕೆಬಿಪಿಎಸ್. "ಸ", "ಶ", "ಫ" ಇವುಗಳ ಚೂಪುತನ ಇರುವುದೇ ಅದರ ಮೇಲೆ. ಹಾಗಾಗಿ ಮಂಕು. ಅಲ್ಲಿ ಇಲ್ಲದ್ದನ್ನು ಯಾವ ಪರಿವರ್ತಕವೂ ತರಲಾರದು. ಇಂಥದ್ದನ್ನು 320 ಎಂಪಿ3 ಮಾಡಿದರೆ ಫೈಲ್ ಇಪ್ಪತ್ತಾರು ಪಟ್ಟು ಊದಿಕೊಳ್ಳುತ್ತದೆ. ದನಿ ಮಾತ್ರ ಹಾಗೇ.

ಮಾಡಬಹುದಾದದ್ದು ಇಷ್ಟು. ಎಎಂಆರ್ ಮೂಲವನ್ನು ಹಾಗೇ ಇಟ್ಟುಕೊಳ್ಳಿ, ಅದು ತುಂಬ ಸಣ್ಣ ಫೈಲ್, ಅಳಿಸಿ ಉಳಿಸುವುದು ಏನೂ ಇಲ್ಲ. ಎಫ್‌ಎಫ್‌ಎಂಪೆಗ್‌ನಿಂದ ವೇವ್ ಮಾಡಿ, ಆಡಾಸಿಟಿ ಎಂಬ ಉಚಿತ ಧ್ವನಿ ಸಂಕಲನ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಹಿನ್ನೆಲೆಯ ಗುಂಯ್‌ಗುಡುವ ಸದ್ದು ಮಾತ್ರ ಇರುವ ಒಂದು ಸೆಕೆಂಡು ಆರಿಸಿ, ನಾಯ್ಸ್ ರಿಡಕ್ಷನ್‌ಗೆ ಅದನ್ನೇ ಮಾದರಿಯಾಗಿ ಕೊಡಿ. ಆರೇಳು ಡೆಸಿಬೆಲ್ ಮಾತ್ರ ಇಳಿಸಿ. ದುರಾಸೆಗೆ ಇಪ್ಪತ್ತು ಮೂವತ್ತು ಇಟ್ಟರೆ ಮಾತು ನೀರೊಳಗಿಂದ ಬಂದ ಹಾಗೆ ಆಗುತ್ತದೆ. ಸಾವಿರದಿಂದ ಮೂರು ಸಾವಿರ ಹರ್ಟ್ಸ್ ನಡುವೆ ಸ್ವಲ್ಪ ಏರಿಸಿದರೆ ಮಾತು ಮುಂದೆ ಬರುತ್ತದೆ. ಕೊನೆಗೆ ಮೊನೋ ಎಂಪಿ3, 64 ಕೆಬಿಪಿಎಸ್ ಸಾಕು, ಧಾರಾಳ ಅದು. ಸ್ಟೀರಿಯೋ ಮಾಡುವುದರಲ್ಲಿ ಅರ್ಥವಿಲ್ಲ, ಎರಡೂ ಕಿವಿಗೆ ಒಂದೇ ದನಿ.

ವಿಂಗಡಣೆ, ಕತ್ತರಿಸುವುದು, ಅಂಟಿಸುವುದು ಏನೇ ಇದ್ದರೂ ವೇವ್ ಅಥವಾ ಫ್ಲ್ಯಾಕ್‌ನಲ್ಲೇ ಮಾಡಿ. ಎಂಪಿ3 ಅನ್ನುವುದು ಕಟ್ಟಕಡೆಯ ಹೆಜ್ಜೆ. ಎಂಪಿ3 ತೆರೆದು, ಸ್ವಲ್ಪ ಕತ್ತರಿಸಿ, ಮತ್ತೆ ಎಂಪಿ3 ಉಳಿಸಿ, ನಾಳೆ ಮತ್ತೆ ತೆರೆದು ಉಳಿಸುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಸುಮ್ನೆಕೇಳುಗ

ಆಡಾಸಿಟಿಯಲ್ಲಿ ಎಂಪಿ3 ಉಳಿಸಬೇಕಾದರೆ ಲೇಮ್ ಬೇರೆಯಾಗಿ ಹುಡುಕಿ ಹಾಕಬೇಕು ಅಂತ ಎಲ್ಲೋ ಓದಿದ್ದೆ.

ನಿಶ್ಶಬ್ದ

ಅದು ಹಳೇ ಕಥೆ. ಎಂಪಿ3ಗೆ ಪೇಟೆಂಟ್ ಇತ್ತು, ಅದಕ್ಕೇ ಎನ್ಕೋಡರನ್ನು ಜೊತೆಗೆ ಹಂಚಲು ಹೆದರುತ್ತಿದ್ದರು. 2017ರಲ್ಲಿ ಫ್ರಾನ್‌ಹೋಫರ್ ಸಂಸ್ಥೆ ಲೈಸೆನ್ಸ್ ಕೊಡುವ ವ್ಯವಸ್ಥೆಯನ್ನೇ ಮುಗಿಸಿತು. ವಿಂಡೋಸ್ ಮತ್ತು ಮ್ಯಾಕ್‌ನ ಆಡಾಸಿಟಿಯಲ್ಲಿ 2019ರಿಂದ ಲೇಮ್ ಒಳಗೇ ಬರುತ್ತದೆ. ಲೇಮ್‌ನ ಡಿಎಲ್ಎಲ್ ಫೈಲ್ ಇಳಿಸಿಕೊಳ್ಳಿ ಎಂದು ಹೇಳುವ ಪುಟ ಸಿಕ್ಕರೆ ಅದು ಹಳೆಯದು ಎಂದು ತಿಳಿದು ಮುಂದೆ ಹೋಗಿ. ಎಂ4ಎ, ಎಎಂಆರ್, ಡಬ್ಲ್ಯೂಎಂಎ ನೇರವಾಗಿ ತೆರೆಯಬೇಕಾದರೆ ಮಾತ್ರ ಈಗಲೂ ಎಫ್‌ಎಫ್‌ಎಂಪೆಗ್ ಲೈಬ್ರರಿ ಸೇರಿಸಬೇಕು.

ಉದ್ದದ ರೆಕಾರ್ಡಿಂಗ್ ಇರುವವರಿಗೆ ಇನ್ನೊಂದು. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವುದಿಲ್ಲ, ಅಳತೆ ಬರೆಯುವ ಜಾಗ 32 ಬಿಟ್ ಮಾತ್ರ. ಸಿಡಿ ಗುಣಮಟ್ಟದಲ್ಲಿ ಅದು ಆರೂ ಮುಕ್ಕಾಲು ಗಂಟೆ. 96 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಆದರೆ ಎರಡು ಗಂಟೆ ಆಗುವಷ್ಟರಲ್ಲಿ ತುಂಬಿಬಿಡುತ್ತದೆ. ಅಂಥದ್ದಕ್ಕೆ ಫ್ಲ್ಯಾಕ್ ಒಳ್ಳೆಯದು.

ಪುಟ್ಟಪರದೆ

ಹಾಗಾದರೆ ನನ್ನದೂ ಒಂದು ಪ್ರಶ್ನೆ. ವಿಡಿಯೋದಿಂದ ಆಡಿಯೋ ಮಾತ್ರ ಬೇಕು. ಎಂಪಿ4 ವಿಡಿಯೋ, ನಾನೇ ಚಿತ್ರೀಕರಿಸಿದ್ದು. ಅದನ್ನೂ ಎಂಪಿ3 ಮಾಡುವುದಾ?

ಕರಿಪರದೆ

ಬೇಡವೇ ಬೇಡ. ಎಂಪಿ4 ಒಳಗಿನ ಆಡಿಯೋ ಸಾಮಾನ್ಯವಾಗಿ ಎಎಸಿ. ಹೊಸದಾಗಿ ಎನ್ಕೋಡ್ ಮಾಡದೆ ಹಾಗೆಯೇ ಹೊರಗೆ ತೆಗೆಯಬಹುದು. ಡ್ಯಾಶ್ ವಿಎನ್ ಅಂದರೆ ವಿಡಿಯೋ ಬೇಡ. ಡ್ಯಾಶ್ ಸಿ ಕೋಲನ್ ಎ, ಜಾಗ ಬಿಟ್ಟು ಕಾಪಿ ಎಂದರೆ ಆಡಿಯೋ ಇದ್ದ ಹಾಗೆ ನಕಲು. ಹೊಸ ಹೆಸರಿಗೆ ಎಂ4ಎ ಬಾಲ. ಗಂಟೆಗಟ್ಟಲೆಯ ವಿಡಿಯೋ ಆದರೂ ಕೆಲವೇ ಸೆಕೆಂಡು, ಗುಣಮಟ್ಟದ ನಷ್ಟ ಸೊನ್ನೆ. ನನ್ನ ಕೇಳಿದರೆ ಇಡೀ ಎಫ್‌ಎಫ್‌ಎಂಪೆಗ್‌ನಲ್ಲಿ ಅತ್ಯಂತ ಉಪಯೋಗದ ಪದ ಈ ಕಾಪಿ.

ಹಾಡುಪೆಟ್ಟಿಗೆ

ಫ್ಲ್ಯಾಕ್ ಎಲ್ಲ ಮುಗಿಯಿತು. ಕಪ್ಪು ಪರದೆಯೂ ಅಂಥ ರಾಕ್ಷಸ ಏನಲ್ಲ, ಓಪಸ್ ಫೈಲ್‌ಗಳ ಫೋಲ್ಡರ್ ಒಂದೇ ಸಾಲಿನಲ್ಲಿ ಆಯಿತು. ಈಗ ಮೂರು ತೊಂದರೆ ಉಳಿದಿವೆ.

ಕನ್ನಡದಲ್ಲಿರುವ ಹಾಡಿನ ಹೆಸರು ಕಾರಿನ ಪರದೆಯಲ್ಲಿ ಚೌಕ ಚೌಕವಾಗಿ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ. ಎರಡನೆಯದು, ಒಂದು ಹಾಡು ಕಿರುಚುತ್ತದೆ, ಮುಂದಿನದು ಪಿಸುಗುಡುತ್ತದೆ. ಮೂರನೆಯದು, ಕೆಲವು ಡಬ್ಲ್ಯೂಎಂಎ ಫೈಲ್‌ಗಳು ಎಲ್ಲೂ ತೆರೆಯುತ್ತಿಲ್ಲ, ಕಾರಿನಲ್ಲೂ ಇಲ್ಲ, ವಿಎಲ್‌ಸಿಯಲ್ಲೂ ಇಲ್ಲ.

ಬೈಟುಗಾರ

ಮೊದಲನೆಯದಕ್ಕೆ ಎರಡು ಕಾರಣ ಇರಬಹುದು. ಎಂಪಿ3ಯ ಟ್ಯಾಗ್‌ಗೆ ಐಡಿ3 ಅನ್ನುತ್ತಾರೆ. ಅದರ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ ಇರುವುದು 30 ಬೈಟ್, ಅದೂ ಲ್ಯಾಟಿನ್ ಅಕ್ಷರಕ್ಕೆಂದು. ಕನ್ನಡ ಅಲ್ಲಿ ಹಿಡಿಯುವುದಿಲ್ಲ. 2.3 ಆವೃತ್ತಿಯಲ್ಲಿ ಯೂನಿಕೋಡ್ ಬರೆಯಬಹುದು, ಯುಟಿಎಫ್-16 ರೂಪದಲ್ಲಿ. 2.4ರಲ್ಲಿ ಯುಟಿಎಫ್-8 ಸೇರಿತು. ಹಳೆಯ ಉಪಕರಣಗಳು 2.4 ಓದಲು ತಿಣುಕುತ್ತವೆ. ಎಫ್‌ಎಫ್‌ಎಂಪೆಗ್ ತಾನಾಗಿ ಬರೆಯುವುದು 2.4. ಡ್ಯಾಶ್ ಐಡಿ3ವಿ2 ಅಂಡರ್‌ಸ್ಕೋರ್ ವರ್ಷನ್ ಎಂದು ಬರೆದು, ಜಾಗ ಬಿಟ್ಟು 3 ಅಂದರೆ 2.3 ಬರೆಯುತ್ತದೆ. ಆಗಲೇ ಮಾಡಿದ ಫೈಲ್‌ಗಳಿಗೆ ಮತ್ತೆ ಎನ್ಕೋಡ್ ಬೇಡ, ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅಥವಾ ಕಿಡ್3 ಬಳಸಿ ಟ್ಯಾಗ್ ಮಾತ್ರ ಬದಲಿಸಿ.

ಆದರೂ ಚೌಕವೇ ಬಂದರೆ ಸ್ಟೀರಿಯೋ ಒಳಗೆ ಕನ್ನಡ ಫಾಂಟೇ ಇಲ್ಲ. ಚೌಕ ಎಂದಿರಿ, ಪ್ರಶ್ನೆ ಚಿಹ್ನೆ ಅಥವಾ ಕಲಸುಮೇಲೋಗರ ಎನ್ನಲಿಲ್ಲ. ಹಾಗಾಗಿ ನನ್ನ ಅನುಮಾನ ಫಾಂಟಿನ ಮೇಲೆಯೇ. ಅದಕ್ಕೆ ಮದ್ದಿಲ್ಲ, ಕಾರಿನ ಪ್ರತಿಗೆ ಮಾತ್ರ ಟ್ಯಾಗ್‌ಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಳ್ಳಿ. ಮೂಲ ಫ್ಲ್ಯಾಕ್‌ನಲ್ಲಿ ಕನ್ನಡವೇ ಇರಲಿ, ಅದರ ಟ್ಯಾಗ್ ಮೊದಲಿನಿಂದಲೂ ಯುಟಿಎಫ್-8.

ಮೂರನೆಯದು ಬಹುಶಃ ನಕಲು ತಡೆಯಲು ಹಾಕುವ ಡಿಆರ್‌ಎಂ ಬೀಗ. ಒಂದು ಕಾಲದಲ್ಲಿ ಆನ್‌ಲೈನ್ ಅಂಗಡಿಗಳು ಬೀಗ ಹಾಕಿದ ಡಬ್ಲ್ಯೂಎಂಎ ಮಾರುತ್ತಿದ್ದವು. ಬೀಗದ ಕೈ ಕೊಡುವ ಸರ್ವರ್ ನಿಂತುಹೋದ ಮೇಲೆ ಆ ಫೈಲ್ ಬರೀ ಭಾರ. ಫ್ರೀಯಾಕ್, ಎಫ್‌ಎಫ್‌ಎಂಪೆಗ್ ಎರಡೂ ತೆರೆಯುವುದಿಲ್ಲ.

ಕಿವಿಗೊಡು

ದನಿ ಏರಿಳಿತಕ್ಕೆ: ರೀಪ್ಲೇಗೇನ್ ಅನ್ನುವ ಪದ್ಧತಿ ಇದೆ. ಪ್ರತಿ ಹಾಡು ಎಷ್ಟು ಜೋರು ಎಂದು ಅಳೆದು, ಆ ಅಂಕಿಯನ್ನು ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಪ್ಲೇಯರ್ ಅದನ್ನು ಓದಿ ದನಿ ಸರಿಹೊಂದಿಸಬೇಕು. ಕಾರಿನ ಸ್ಟೀರಿಯೋಗಳು ಸಾಮಾನ್ಯವಾಗಿ ಓದುವುದಿಲ್ಲ.

ನಿಮಗೆ ಬೇಕಾದದ್ದು ಎಂಪಿ3ಗೇನ್. ಎಂಪಿ3ಯ ಪ್ರತಿ ಫ್ರೇಮಿನಲ್ಲೂ ಒಟ್ಟು ದನಿ ಎಷ್ಟು ಅನ್ನುವ ಒಂದು ಅಂಕಿ ಇರುತ್ತದೆ. ಎಂಪಿ3ಗೇನ್ ಆ ಅಂಕಿಯನ್ನಷ್ಟೇ ತಿದ್ದುತ್ತದೆ, 1.5 ಡೆಸಿಬೆಲ್ ಮೆಟ್ಟಿಲುಗಳಲ್ಲಿ. ಮತ್ತೆ ಎನ್ಕೋಡ್ ಇಲ್ಲ, ನಷ್ಟ ಇಲ್ಲ, ಬೇಡ ಅನ್ನಿಸಿದರೆ ಹಿಂದಕ್ಕೂ ತರಬಹುದು. ಗುರಿ 89 ಡೆಸಿಬೆಲ್ ಎಂದು ಇರುತ್ತದೆ, ಹಾಗೇ ಬಿಡಿ. ಕಡಿಮೆ ಅನ್ನಿಸಿದರೆ ಕಾರಿನ ವಾಲ್ಯೂಮ್ ಏರಿಸಿ. ಗುರಿಯನ್ನೇ 98ಕ್ಕೆ ಏರಿಸಿದರೆ ಹಾಡು ಒಡೆಯುತ್ತದೆ. ಒಂದರೊಳಗೊಂದು ಹರಿಯುವ ಆಲ್ಬಮ್‌ಗಳಿಗೆ ಆಲ್ಬಮ್ ಗೇನ್ ಬಳಸಿ. ಟ್ರ್ಯಾಕ್ ಗೇನ್ ಹಾಕಿದರೆ ಮೆಲ್ಲಗಿನ ಆಲಾಪನೆಯೂ ಅಬ್ಬರದ ಭಾಗವೂ ಒಂದೇ ಸಮ ಆಗಿಬಿಡುತ್ತವೆ.

ರೀಲುಸುತ್ತ

ಎಬಿಎಕ್ಸ್ ಆಡಿದೆ, ತಂತಿಯ ಹೆಡ್‌ಫೋನಿನಲ್ಲೇ. ವಿ2 ಮತ್ತು ಫ್ಲ್ಯಾಕ್ ನಡುವೆ ಹದಿನಾರಕ್ಕೆ ಒಂಬತ್ತು ಸರಿ. ಯಾರೂ ನಗಬೇಡಿ. 128ರ ಎಂಪಿ3 ಮಾತ್ರ ಚಪ್ಪಾಳೆಯ ಸದ್ದಿನಲ್ಲಿ ಪ್ರತಿ ಸಲವೂ ಸಿಕ್ಕಿಬಿತ್ತು.

ಕಿವಿಗೊಡು

ಚಪ್ಪಾಳೆ, ತಾಳ, ಗೆಜ್ಜೆ ಇವೇ ಎಂಪಿ3ಯ ಕಷ್ಟದ ಜಾಗ. ಥಟ್ಟನೆ ಹುಟ್ಟುವ ಸದ್ದಿನ ತಪ್ಪು ಅದರ ಸ್ವಲ್ಪ ಮುಂಚೆಯೇ ಹರಡಿಕೊಳ್ಳುತ್ತದೆ. ಒಳ್ಳೆಯ ಜಾಗವನ್ನೇ ಹಿಡಿದಿದ್ದೀರಿ.

ಹಾಡುಪೆಟ್ಟಿಗೆ

ಎಂಪಿ3ಗೇನ್ ಕೆಲಸ ಮಾಡಿತು. ಫೋನಿಗೂ ಇದೇ ಎಂಪಿ3 ಹಾಕಿಕೊಳ್ಳಲಾ, ಬೇರೆ ಮಾಡಲಾ? ಮತ್ತೆ ಫ್ಲ್ಯಾಕ್‌ಗಳನ್ನು ಅಳಿಸುವ ಯೋಚನೆ ಬಿಟ್ಟೆ. ಆದರೆ ಅವು ಹಾಳಾಗಿಲ್ಲ ಅಂತ ನೋಡುವುದು ಹೇಗೆ?

ಕರಿಪರದೆ

ಫೋನಿಗೆ ಫ್ಲ್ಯಾಕ್‌ನಿಂದ ನೇರವಾಗಿ ಓಪಸ್ ಮಾಡಿ, 128 ಕೆಬಿಪಿಎಸ್. 2012ರಲ್ಲಿ ಬಂದ ಕೊಡೆಕ್, 1990ರ ದಶಕದ ಎಂಪಿ3ಗಿಂತ ಕಡಿಮೆ ಬಿಟ್‌ರೇಟ್‌ನಲ್ಲಿ ಹೆಚ್ಚು ಚೆನ್ನಾಗಿ ಹಾಡುತ್ತದೆ. ಮಾತಿನ ರೆಕಾರ್ಡಿಂಗ್ ಆದರೆ ಮೊನೋ 32 ಕೂಡ ಸಾಕು. ಓಪಸ್‌ಎನ್ಕ್ ಎಂಬ ಅದರದೇ ಸಾಧನ ಫ್ಲ್ಯಾಕ್‌ನ ಟ್ಯಾಗ್ ಮತ್ತು ಮುಖಪುಟದ ಚಿತ್ರ ಎರಡನ್ನೂ ಜೊತೆಗೆ ಒಯ್ಯುತ್ತದೆ. ಫೋನಿನಲ್ಲಿ ವಿಎಲ್‌ಸಿ ಇದ್ದರೆ ಹಾಡಿಸುವ ಚಿಂತೆಯೂ ಇಲ್ಲ. ಕಾರಿಗೆ ಮಾಡಿದ ಎಂಪಿ3ಯಿಂದ ಓಪಸ್ ಮಾಡಬೇಡಿ, ಅದೇ ನಷ್ಟದ ಮೇಲೆ ನಷ್ಟ.

ಫ್ಲ್ಯಾಕ್ ಫೈಲ್‌ನೊಳಗೆ ಮೂಲ ದನಿಯ ಎಂಡಿ5 ಮೊತ್ತ (ಇಡೀ ದನಿಯಿಂದ ಲೆಕ್ಕ ಹಾಕಿದ ಗುರುತಿನ ಅಂಕಿ) ಬರೆದಿರುತ್ತದೆ. ಫ್ಲ್ಯಾಕ್ ಕಮಾಂಡ್‌ಗೆ ಡ್ಯಾಶ್ ಟಿ ಕೊಟ್ಟರೆ ಇಡೀ ಫೈಲ್ ಬಿಚ್ಚಿ, ಮೊತ್ತ ಹೊಂದುತ್ತದೆಯಾ ನೋಡಿ ಹೇಳುತ್ತದೆ. ಇನ್ನೊಂದು ಡಿಸ್ಕ್‌ಗೆ ಪ್ರತಿ ಮಾಡಿ, ಅಲ್ಲೂ ಒಮ್ಮೆ ಓಡಿಸಿ. ಎಂಪಿ3ಗೆ ಇಂಥ ಮೊತ್ತ ಇಲ್ಲ.

ಸುಮ್ನೆಕೇಳುಗ

ನಾನೂ ಸಿಡಿಗಳನ್ನು ಫ್ಲ್ಯಾಕ್ ಮಾಡಲು ಹೊರಟಿದ್ದೇನೆ. 0ಯಿಂದ 8ರ ತನಕ ಲೆವೆಲ್ ಕೇಳುತ್ತದೆ. 8 ಇಟ್ಟರೆ ಗುಣಮಟ್ಟ ಜಾಸ್ತಿ ಅಲ್ವಾ?

ಕರಿಪರದೆ

ಗುಣಮಟ್ಟ ಎಲ್ಲದರಲ್ಲೂ ಒಂದೇ. 8ರಲ್ಲಿ ಫೈಲ್ ಚೂರು ಸಣ್ಣದು, ಮಾಡಲು ಹೊತ್ತು ಜಾಸ್ತಿ. 5 ಇಟ್ಟು ಶುರುಮಾಡಿ.